ಕಿತ್ತಳೆ ಕೋನಿನ ಹಿಂದೆ ಹನ್ನೆರಡು ನಿಮಿಷ

ಸಂಜೆ ಐದು ಗಂಟೆ ನಲವತ್ತಾರು ನಿಮಿಷ. ಆಸ್ಪತ್ರೆಯ ಕಾಗದದಲ್ಲಿ ಐದು ಐವತ್ತೆಂಟು ಎಂದಿದೆ. ಹಾಗೆ ಬರೆಸಿದವನು ನಾನೇ. ಐವತ್ತೆಂಟಕ್ಕೆ ನನ್ನ ಮಗಳು ದುಬೈಯ ಮಿರ್ದಿಫಿನ ಮೈದಾನದಲ್ಲಿ ಕುಸಿದು ಬಿದ್ದಳು. ಆದರೆ ಅವಳಿಗೆ ಏನೋ ಆಗುತ್ತಿದೆ ಎಂದು ನನಗೆ ನಲವತ್ತಾರಕ್ಕೇ ಗೊತ್ತಾಗಿತ್ತು. ನಡುವಿನ ಹನ್ನೆರಡು ನಿಮಿಷ ನಾನು ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಕೋನಿನ ಹಿಂದೆ ನಿಂತು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದೆ. ಅವಳ ಎಸೆತಗಳು ಒಂದೊಂದಾಗಿ ಹಾಳಾಗುತ್ತಿದ್ದವು. ನಿಜ ಹೇಳಬೇಕೆಂದರೆ, ಅದನ್ನು ನೋಡಿ ನನಗೆ ಖುಷಿಯಾಗುತ್ತಿತ್ತು.

ಖುಷಿ ಯಾಕೆ ಎಂದು ಹೇಳಲು ಅವಳ ಬಲಗೈಯಿಂದ ಶುರು ಮಾಡಬೇಕು.

ಆ ಕೈ ನಾನು ಮಾಡಿದ್ದು. ಕಾಲೇಜಿನಲ್ಲಿ ನಾನು ಜಾವೆಲಿನ್ ಎಸೆಯುತ್ತಿದ್ದೆ. ವಿಶ್ವವಿದ್ಯಾಲಯದ ಕೂಟದಲ್ಲಿ ಒಮ್ಮೆ ಎರಡನೆಯ ಸ್ಥಾನ ಬಂದಿತ್ತು. ಅದೇ ನನ್ನ ಕ್ರೀಡಾ ಜೀವನದ ತುತ್ತತುದಿ. ಆಮೇಲೆ ಎಂಜಿನಿಯರಿಂಗ್ ಮುಗಿಸಿ ದುಬೈಗೆ ಬಂದೆ. ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಯಂತ್ರಗಳ ಉಸ್ತುವಾರಿ ನನ್ನ ಕೆಲಸ. ಮಗಳಿಗೆ ಆರು ವರ್ಷವಾದಾಗ ಮನೆ ಹತ್ತಿರದ ಪಾರ್ಕಿನಲ್ಲಿ ಟೆನಿಸ್ ಚೆಂಡು ಕೊಟ್ಟು ಎಸೆಯಲು ಕಲಿಸಿದೆ. ಎಡಗಾಲು ಮುಂದೆ, ಮೊದಲು ಸೊಂಟ ತಿರುಗಬೇಕು, ಆಮೇಲೆ ಭುಜ, ಕೈ ಕಟ್ಟಕಡೆಗೆ. ರವಿವಾರ ಎಣ್ಣೆಸ್ನಾನಕ್ಕೆ ಮೊದಲು ಬೆಚ್ಚಗಿನ ತೆಂಗಿನೆಣ್ಣೆಯಿಂದ ಅವಳ ಭುಜ ತಿಕ್ಕುತ್ತಿದ್ದೆ. ಎಂಟನೆಯ ವರ್ಷಕ್ಕೆ ಅವಳ ಚೆಂಡು ಪಾರ್ಕಿನ ಈ ಬೇಲಿಯಿಂದ ಆ ಬೇಲಿಗೆ ಹೋಗುತ್ತಿತ್ತು.

ಹನ್ನೆರಡಕ್ಕೆ ಶಾಲೆಯಲ್ಲಿ ಫ್ಲಾಗ್ ಫುಟ್‌ಬಾಲ್ ಸೇರಿದಳು. ಅಮೆರಿಕದವರ ಫುಟ್‌ಬಾಲಿನ ಮೆದು ರೂಪ ಅದು: ಯಾರನ್ನೂ ಕೆಡವುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. ಚೆಂಡು ಸಣ್ಣ ಗುಜ್ಜೆಯ, ಎಂದರೆ ಎಳೆ ಹಲಸಿನಕಾಯಿಯ ಆಕಾರದ್ದು. ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಎಂದು ಒಬ್ಬರು. ಚೆಂಡು ಮೊದಲು ಅವರ ಕೈಗೆ ಬರುತ್ತದೆ. ಎದುರಾಳಿ ಮೈಮೇಲೆ ಬರುವುದರೊಳಗೆ, ಓಡುತ್ತಿರುವ ಜೊತೆಗಾರರಲ್ಲಿ ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ಅವರೇ ನಿರ್ಧರಿಸಬೇಕು. ಮಗಳು ಕ್ವಾರ್ಟರ್‌ಬ್ಯಾಕ್ ಆದಳು. ಶಾಲೆಯವರೇ ಒಬ್ಬ ಖಾಸಗಿ ಕೋಚಿನ ಬಗ್ಗೆ ಹೇಳಿದರು.

ಅವನು ತನ್ನ ದೇಶ ಅಮೆರಿಕದಲ್ಲಿ ಸಂಬಳಕ್ಕೆ ಆಡಿದ ಕ್ವಾರ್ಟರ್‌ಬ್ಯಾಕ್. ನಲವತ್ತು ದಾಟಿದೆ. ಬಲಗೈಯ ಕಿರುಬೆರಳು ನೆಟ್ಟಗಾಗುವುದಿಲ್ಲ, ಮಂಡಿಯಲ್ಲಿ ಉದ್ದ ಹೊಲಿಗೆ. ಆಟ ಯಾಕೆ ಬಿಟ್ಟಿರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ನಾನು ಬಿಡಲಿಲ್ಲ. ಒಂದು ವರ್ಷ ತಂಡದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ” ಎಂದ. ಹೆಂಡತಿ ಅಬುಧಾಬಿಯಲ್ಲಿ ಟೀಚರು. ಅಲ್ಲೇ ಖಲೀಫಾ ಸಿಟಿಯಲ್ಲಿ ಮನೆ. ಅವನು ಇಲ್ಲಿರುವುದು ಅವಳ ವೀಸಾದ ಮೇಲೆ. ಇದು ತಿಳಿದ ದಿನ ನಾನು ಮನೆಗೆ ಬಂದು ಹೆಂಡತಿಗೆ ಎರಡು ಸಲ ಹೇಳಿದೆ. “ಅದಕ್ಕೆ ನಿಮಗೆಂತ ಅಷ್ಟು ಕುಶಿ?” ಎಂದಳು.

ವಾರಕ್ಕೆ ಮೂರು ದಿನ ಅವನು ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದು ನಾಲ್ಕು ಮಕ್ಕಳಿಗೆ ಒಬ್ಬೊಬ್ಬರಿಗೇ ಪಾಠ ಹೇಳುತ್ತಿದ್ದ. ಮೊದಲ ದಿನ ಮಗಳು ಐದು ಚೆಂಡು ಎಸೆದಳು. ಆರನೆಯದನ್ನು ಅವಳ ಕೈಯಿಂದ ತೆಗೆದುಕೊಂಡು ಕೇಳಿದ: “ಈ ಕೈ ಯಾರು ಕಲಿಸಿದ್ದು?”

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ. “ಯಾರೂ ಇಲ್ಲ ಕೋಚ್. ಹಾಗೇ ಬಂದದ್ದು.”

ಹದಿಮೂರರ ಹುಡುಗಿಗೆ ಅಪ್ಪನ ಹೆಸರು ಹೇಳಲು ನಾಚಿಕೆ ಇರುತ್ತದೆ ಎಂದು ಈಗ ಅನಿಸುತ್ತದೆ. ಆವತ್ತು ಅನಿಸಲಿಲ್ಲ. ಯಾರೂ ಇಲ್ಲ ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತುಬಿಟ್ಟಿತು.

ಆಮೇಲೆ ಪ್ರತಿಯೊಂದೂ ಚುಚ್ಚಿತು. ಎಣ್ಣೆಯ ಬಟ್ಟಲು ಹಿಡಿದು ಹೋದರೆ, “ಕೋಚ್ ಸೇಯ್ಸ್ ಐಸ್, ಪಪ್ಪ” ಎಂದಳು. ನನ್ನ ಮೂರು ಮಾತಿಗೆ ಒಂದು ‘ಹ್ಞೂಂ’ ಕೊಡುವವಳು ಅವನು ಒಂದು ಮಾತಾಡಿದರೆ ನಾಲ್ಕು ಸಲ ತಲೆಯಾಡಿಸುತ್ತಿದ್ದಳು. ಅವನು ಕಾರಿನ ಹಿಂದೆ ದೊಡ್ಡ ನೀಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಬರುತ್ತಿದ್ದ, ಮಲ್ಪೆಯಿಂದ ಮೀನು ತರುವವರ ಹಾಗೆ. “ಒಂದಿನ ಬಂಗುಡೆ ಉಂಟಾ ಕೇಳ್ಬೇಕು” ಎಂದು ನಾನು ಮನೆಯಲ್ಲಿ ನಗೆಯಾಡಿದೆ. ಮಗಳು ನಗಲಿಲ್ಲ.

ಒಂದು ಸಂಜೆ ಅವಳ ಮೊಣಕೈ ಕೆಳಗಿಳಿದದ್ದು ಕಂಡು ತಡೆಯಲಾರದೆ ಕೂಗಿದೆ: “ಮಗಾ, ಮೊಣಕೈ! ಮೇಲೆ ಎತ್ತು!” ಅವಳು ತಿರುಗಿ ನೋಡಿದಳು, ಚೆಂಡು ಎಲ್ಲೋ ಹೋಯಿತು. ಕೋಚ್ ಸಿಟ್ಟಾಗಲಿಲ್ಲ. ಒಂದು ಕಿತ್ತಳೆ ಕೋನ್ ತಂದು ಬಿಳಿ ಗೆರೆಯ ಹೊರಗೆ ನನ್ನ ಮುಂದಿಟ್ಟ. “ಸರ್, ಕ್ವಾರ್ಟರ್‌ಬ್ಯಾಕಿನ ಕಿವಿಯಲ್ಲಿ ಒಂದೇ ದನಿ ಇರಬೇಕು. ಇನ್ನು ನಿಮ್ಮ ಜಾಗ ಇದು.” ಸರ್ ಎಂದದ್ದು ಹೆಚ್ಚು ಉರಿಸಿತು. ಈ ದೇಶದಲ್ಲಿ ಇಪ್ಪತ್ತು ವರ್ಷ ಇದ್ದವನಿಗೆ ಗೆರೆ ಎಂದರೆ ಗೆರೆ. ಅಂದಿನಿಂದ ನಾನು ಆ ಕೋನನ್ನು ಒಮ್ಮೆಯೂ ದಾಟಲಿಲ್ಲ. ಅದು ವಿಧೇಯತೆಯಲ್ಲ, ಹಟ. ನೋಡಿಕೊಳ್ಳಲಿ ಅವನೇ, ಎಂಬ ಹಟ.

ಆ ವರ್ಷ ನಮ್ಮ ಕಡೆಯ ಅಷ್ಟಮಿ ಸೆಪ್ಟೆಂಬರಿನಲ್ಲಿ ಬಂತು. ಉಳಿದವರ ಕೃಷ್ಣಾಷ್ಟಮಿ ಹಿಂದಿನ ತಿಂಗಳೇ ಮುಗಿದಿತ್ತು. ಉಡುಪಿಯ ಕಡೆಯವರಾದ ನಮ್ಮದು ಸೌರಮಾನದ ಲೆಕ್ಕ. ಹಗಲಿಡೀ ಉಪವಾಸವಿದ್ದು, ಚಂದ್ರೋದಯಕ್ಕೆ ಅರ್ಘ್ಯ ಬಿಟ್ಟ ಮೇಲೆ ಉಂಡೆ ಚಕ್ಕುಲಿ. ನನ್ನ ಅಮ್ಮ ನೀರೂ ಮುಟ್ಟುತ್ತಿರಲಿಲ್ಲ. ಮಗಳಿಗೆ ಅಜ್ಜಿಯ ಮೇಲೆ ಪ್ರಾಣ. “ಈ ಸಲ ನಾನೂ ಅಜ್ಜಿಯ ಹಾಗೆ” ಎಂದಳು. ಆ ವರ್ಷವೆಲ್ಲ ಅವಳು ನನ್ನ ಜೊತೆ ಸೇರಿ ಮಾಡಿದ ಒಂದೇ ಒಂದು ಕೆಲಸ ಅದು. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ನನ್ನ ಹೆಂಡತಿ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನಿನಲ್ಲಿದ್ದಾಳೆ. ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: “ಪ್ರಾಕ್ಟೀಸಿಗೆ ಹೋಗುದಾದ್ರೆ ನೀರು ಕುಡಿಸಿ. ಇಲ್ಲದಿದ್ರೆ ಕೋಚಿಗೆ ಹೇಳಿ, ಇವತ್ತು ಉಪವಾಸ ಅಂತ. ಹೇಳ್ತೀರಲ್ಲ?”

“ಹೇಳ್ತೇನೆ ಮಾರಾಯ್ತಿ.”

ಕಾರಿನಲ್ಲಿ ಬಾಟಲಿ ಮುಂದೆ ಹಿಡಿದೆ. “ಐ ಆಮ್ ಫೈನ್, ಪಪ್ಪ. ನೀವೂ ಕುಡೀಲಿಲ್ಲಲ್ಲ” ಎಂದಳು. ಆಮೇಲೆ, “ಕೋಚಿಗೆ ನೀವೇ ಹೇಳಿ, ನಂಗೆ ಎಕ್ಸ್‌ಪ್ಲೇನ್ ಮಾಡ್ಲಿಕ್ಕೆ ಬರುದಿಲ್ಲ” ಎಂದಳು. ಆಗಲಿ ಎಂದೆ.

ಮೈದಾನದಲ್ಲಿ ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತಿತ್ತು. ಶುರು ಮಾಡುವ ಮೊದಲು ಕೋಚ್ ಎಂದಿನಂತೆ ಬೆರಳು ತೋರಿಸು ಎಂದ. ಆ ದಿನ ಎಷ್ಟು ಬಾಟಲಿ ನೀರು ಕುಡಿದಿದ್ದಾರೋ ಅಷ್ಟು ಬೆರಳು ಎತ್ತಬೇಕು, ಅದು ಅವನ ಪದ್ಧತಿ. ಮಗಳು ಬೆರಳು ಎತ್ತದೆ ನನ್ನ ಕಡೆ ನೋಡಿದಳು. ಕೋಚ್ ಕೂಡ ನೋಡಿದ. ತಿಂಗಳುಗಳಲ್ಲಿ ಮೊದಲ ಬಾರಿಗೆ ಅವನು ನನ್ನನ್ನು ಏನೋ ಕೇಳಿದ: “ಸರ್, ಎಲ್ಲ ಸರಿ ತಾನೆ?”

ಅವಳ ಬಗ್ಗೆ ನನಗೆ ಗೊತ್ತಿರುವ, ಅವನಿಗೆ ಗೊತ್ತಿಲ್ಲದ ಒಂದು ಸಂಗತಿ. ಅದು ಅಜ್ಜಿಯದು, ಮನೆಯದು, ನಮ್ಮದು. ಅದನ್ನು ಅವನಿಗೆ ಬಿಟ್ಟುಕೊಡಲು ಆಗಲಿಲ್ಲ. ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ಅಪ್ಪ ಮೊದಲೇ ಹೇಳಿಯಾಗಿದೆ ಎಂದು ಮಗಳು ತಿಳಿದಳು. ನೀರು ಕುಡಿದಿದ್ದಾಳೆ ಎಂದು ಕೋಚ್ ತಿಳಿದ. ಕಾಲು ಗಂಟೆಗೊಮ್ಮೆ ವಿರಾಮ ಕೊಟ್ಟು ನೆರಳಿಗೆ ಕಳಿಸಿದ. ಅವಳು ನನ್ನತ್ತ ಬೆನ್ನು ಮಾಡಿ ಕುಳಿತು, ಬಾಟಲಿಯ ನೀರನ್ನು ಕತ್ತಿನ ಮೇಲೆ ಮಾತ್ರ ಸುರಿದುಕೊಂಡಳು.

ನಲವತ್ತಾರಕ್ಕೆ ಮೊದಲ ಕೆಟ್ಟ ಎಸೆತ. ಚೆಂಡು ತಿರುಗದೆ, ರೆಕ್ಕೆ ಮುರಿದ ಕಾಗೆಯಂತೆ ಓಲಾಡಿ ಬಿತ್ತು. ಅವಳ ಸೊಂಟ ತಿರುಗಿರಲಿಲ್ಲ. ಏಳೆಂಟು ವರ್ಷದಲ್ಲಿ ಒಮ್ಮೆಯೂ ಅವಳು ಸೊಂಟ ಮರೆತವಳಲ್ಲ. ಮೈಯಲ್ಲಿ ಏನೋ ಸರಿಯಿಲ್ಲ ಎಂದು ಆ ಕ್ಷಣವೇ ನನಗೆ ತಿಳಿಯಿತು. ಅವಳನ್ನು ಒಂದೇ ವರ್ಷ ಕಂಡ ಕೋಚಿಗೆ ತಿಳಿಯುವುದು ಸಾಧ್ಯವಿರಲಿಲ್ಲ. ಆದರೆ ನನ್ನ ಕೈ ಫೋನಿಗೆ ಹೋಯಿತು. ಹೆಂಡತಿಗೆ ತೋರಿಸಬೇಕು: ನೋಡು, ಒಂದು ವರ್ಷ ಕಲಿಸಿ ಏನು ಮಾಡಿಟ್ಟಿದ್ದಾನೆ. ಎರಡನೆಯ ಎಸೆತ, ಮೂರನೆಯದು. ಕೋಚ್ ಏನೋ ಹೇಳಿದ, ಅವಳು ತಪ್ಪು ದಿಕ್ಕಿಗೆ ನಡೆದಳು. ಅವನು ಹುಬ್ಬು ಗಂಟಿಕ್ಕಿ, ಸಾಕು, ಕುಳಿತುಕೋ ಎಂದು ನೆರಳಿನ ಕಡೆ ಕೈ ತೋರಿಸಿದ. ಅವಳು ಕುಳಿತಳು. ಮತ್ತೆ ತಾನಾಗಿಯೇ ಎದ್ದು, ಚೆಂಡಿಲ್ಲದ ಕೈಯನ್ನು ಎಸೆಯುವಂತೆ ಬೀಸಿದಳು. ಅದೂ ನನ್ನ ವಿಡಿಯೊದಲ್ಲಿದೆ. ಅದರ ಹಿಂದೆ ನನ್ನದೇ ಸಣ್ಣ ನಗು ಕೇಳುತ್ತದೆ.

ಆಮೇಲೆ ಅವಳು ಬಿದ್ದಳು.

ನಾನು ಓಡುವುದರೊಳಗೆ ಅವನು ಅಲ್ಲಿದ್ದ. ಗುರಿ ಎಸೆತಕ್ಕೆಂದು ಕಟ್ಟಿದ್ದ ಟರ್ಪಾಲನ್ನು ಕಿತ್ತು ನೆಲಕ್ಕೆ ಹಾಸಿ ಅವಳನ್ನು ಮಲಗಿಸಿದ. “ತುದಿ ಹಿಡಿ, ಎತ್ತು!” ಎಂದು ನನಗೆ ಕಿರುಚಿದ; ಸರ್ ಇಲ್ಲ, ಕೋನ್ ಇಲ್ಲ. ಪಕ್ಕದಲ್ಲಿ ಕಾಯುತ್ತಿದ್ದ ಇನ್ನಿಬ್ಬರು ಪೋಷಕರು ಉಳಿದ ತುದಿ ಹಿಡಿದರು. ತೊಟ್ಟಿಲಿನಂತಾದ ಟರ್ಪಾಲಿಗೆ ಅವನು ನೀಲಿ ಪೆಟ್ಟಿಗೆಯ ಐಸನ್ನೆಲ್ಲ ಸುರಿದ, ನೀರಿನ ಕ್ಯಾನು ಸುರಿದ. ಅವಳು ಯಾರದೋ ಹೆಸರು ಹಿಡಿದು, ಅಜ್ಜಿಯಿಂದ ಕಲಿತ ತುಳುವಿನಲ್ಲಿ ಬಡಬಡಿಸುತ್ತಿದ್ದಳು. ಆಂಬುಲೆನ್ಸ್ ಬಂದಾಗಲೂ, ಇನ್ನೆರಡು ನಿಮಿಷ ತಂಪಾಗಲಿ ಎಂದು ಅವನು ಬಿಡಲಿಲ್ಲ. ಇದು ಬಿಸಿಲಿನ ಹೊಡೆತ, ಆ ಐಸೇ ಮಿದುಳನ್ನು ಉಳಿಸಿತು ಎಂದು ಆಮೇಲೆ ಡಾಕ್ಟರು ಹೇಳಿದರು. ನನ್ನ ಬೆರಳು ಮರಗಟ್ಟಿತ್ತು. ಆ ಗಳಿಗೆಯಲ್ಲೂ ಒಂದು ಯೋಚನೆ ಬಂದು ಹೋಯಿತು: ಇದನ್ನೂ ಇವನೇ ಮಾಡಬೇಕಾಯಿತಲ್ಲ.

ಆಸ್ಪತ್ರೆಯಲ್ಲಿ, ಯಾವಾಗ ಶುರುವಾದದ್ದು ಎಂದು ಕೇಳಿದರು. ಐದು ಐವತ್ತೆಂಟು ಎಂದೆ. ಕ್ಲಿನಿಕ್ಕಿನ ಬಟ್ಟೆಯಲ್ಲೇ ಓಡಿಬಂದ ಹೆಂಡತಿ ಕೇಳಿದಳು: “ಕೋಚಿಗೆ ಹೇಳಿದ್ರಲ್ಲ, ಉಪವಾಸ ಅಂತ?”

“ಹೇಳಿದ್ದೆ.”

ಒಂದೇ ಶಬ್ದ. ಯೋಚಿಸಿ ಆಡಿದ್ದಲ್ಲ, ಬಾಯಿ ತಾನಾಗಿ ಆಡಿತು.

ಮೂರನೆಯ ದಿನ ಮಗಳು ಮನೆಗೆ ಬಂದಳು. ಆ ಹೊತ್ತಿಗೆ ಹೆಂಡತಿ ಪೋಷಕರ ಗುಂಪಿನಲ್ಲಿ ಬರೆದುಬಿಟ್ಟಿದ್ದಳು: ಉಪವಾಸ ಎಂದು ತಿಳಿಸಿದ್ದರೂ ಮಗುವನ್ನು ಬಿಸಿಲಲ್ಲಿ ಆಡಿಸಿದ್ದಾರೆ. ಮೈದಾನದವರು, ವಿಚಾರಣೆ ಮುಗಿಯುವ ತನಕ ಬರಬೇಡಿ ಎಂದು ಕೋಚಿಗೆ ತಿಳಿಸಿದರು. ನಾನು ಒಂದು ವರ್ಷದಿಂದ ಬಯಸಿದ್ದು ಆಗಿತ್ತು. ಎಣ್ಣೆ ಬಿಸಿ ಮಾಡಿಕೊಂಡು ಹೋದೆ. ಅವಳು ಬೇಡ ಎನ್ನಲಿಲ್ಲ, ಭುಜ ಕೊಟ್ಟಳು. ತಿಕ್ಕುತ್ತಿರುವಾಗ ಕೇಳಿದಳು: “ಪಪ್ಪ, ಕೋಚ್ ಯಾಕೆ ನೀರು ಕುಡಿ ಅಂತ ಫೋರ್ಸ್ ಮಾಡ್ಲಿಲ್ಲ? ನೀವು ಹೇಳಿದ್ರಲ್ಲ.”

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಬೀಸುವ ಆ ಬರಿಗೈ. ವಿಡಿಯೊ ಅಳಿಸಲೂ ಆಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

ಕರಾಮದಲ್ಲಿ ಬಟ್ಟೆಯಂಗಡಿ ಇಟ್ಟಿರುವ ಭಟ್ಕಳದ ನನ್ನ ಸ್ನೇಹಿತನ ಮಗನೂ ಅದೇ ಕೋಚಿನ ಹತ್ತಿರ ಕಲಿಯುತ್ತಿದ್ದ. ಅಂಗಡಿಯ ಕೆಳಗಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ಅವನು ಹೇಳಿದ: “ಬೇಜಾರು ಮಾಡ್ಬೇಡಿ ಮಾರಾಯ್ರೆ, ಒಂದು ಮಾತು. ರಂಜಾನಿನಲ್ಲಿ ನನ್ನ ಮಗ ರೋಜಾ ಅಂದದ್ದೇ ತಡ, ಆ ಮನುಷ್ಯ ಪ್ರಾಕ್ಟೀಸು ಇಫ್ತಾರ್ ಆದ ಮೇಲೆ ಇಟ್ಟ. ತಿಂಗಳಿಡೀ. ನಾನು ಎರಡನೇ ಸಲ ಹೇಳ್ಲೇ ಇಲ್ಲ. ನಿಮ್ಮದು ಮಾತ್ರ ಹೇಗೆ ಮರೆತ?”

“ಯಾರಿಗೆ ಗೊತ್ತು” ಎಂದೆ. ಅವನು ನನ್ನನ್ನೇ ನೋಡಿದ. “ನಮ್ಮಲ್ಲಿ ಮೈಗೆ ಸರಿಯಿಲ್ಲದಿದ್ರೆ ರೋಜಾ ಬಿಡಬಹುದು. ದೇವರು ಅಷ್ಟು ಹಟಗಾರ ಅಲ್ಲ. ಹಟ ಎಲ್ಲ ನಮ್ಮದೇ” ಎಂದು ಸಮೋಸಾದ ತಟ್ಟೆಯನ್ನು ನನ್ನ ಕಡೆ ತಳ್ಳಿದ.

ಎರಡು ದಿನದ ಮೇಲೆ ಕೋಚ್ ಫೋನ್ ಮಾಡಿದ. ಜಗಳಕ್ಕೆ ತಯಾರಾಗಿಯೇ ಎತ್ತಿದೆ. ಮೊದಲು ಮಗಳ ಆರೋಗ್ಯ ಕೇಳಿದ. ಆಮೇಲೆ ಹೇಳಿದ: “ಆಡುವ ಕಾಲದಲ್ಲಿ ನನ್ನ ತಲೆಗೆ ಬಹಳ ಪೆಟ್ಟು ಬಿದ್ದಿದೆ. ನನ್ನ ಜೊತೆ ಆಡಿದ ಕೆಲವರಿಗೆ ಈಗ ಮರೆವು. ನನಗೂ ಶುರುವಾಯಿತೇನೋ ಅಂತ ಹೆದರಿಕೆ. ನೀವು ಹೇಳಿದ್ದು ನನಗೆ ನೆನಪೇ ಇಲ್ಲ. ನೀವು ಹೆಬ್ಬೆರಳು ತೋರಿಸಿದ್ದು ಮಾತ್ರ ನೆನಪಿದೆ. ದಯವಿಟ್ಟು ಹೇಳಿ, ನಿಜವಾಗಿ ಹೇಳಿದ್ದಿರಾ? ಹೇಳಿದ್ದು ಹೌದಾದರೆ ನಾನಿನ್ನು ಯಾವ ಮಗುವಿನ ಹತ್ತಿರವೂ ಹೋಗಬಾರದು.”

ಇಷ್ಟು ಸುಲಭವಾಗಿ ಗೆಲ್ಲುವ ಅವಕಾಶ ನನಗೆ ಜೀವನದಲ್ಲಿ ಬಂದದ್ದು ಅದೊಂದೇ ಸಲ. “ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ” ಎಂದು ಫೋನಿಟ್ಟೆ. ಮೀಟಿಂಗ್ ಇರಲಿಲ್ಲ. ಚಿಲ್ಲರ್ ಯಂತ್ರಗಳ ಕೋಣೆಯಲ್ಲಿ ಒಬ್ಬನೇ ಇದ್ದೆ. ಆ ಸದ್ದಿನಲ್ಲಿ ಎಷ್ಟು ಹೊತ್ತು ನಿಂತೆನೋ.

ರವಿವಾರ ಬೆಳಿಗ್ಗೆ ನೀರುದೋಸೆಯ ಮುಂದೆ ಇಬ್ಬರಿಗೂ ಹೇಳಿದೆ. ಫೋನನ್ನು ಮೇಜಿನ ಮೇಲಿಟ್ಟು ವಿಡಿಯೊ ಹಾಕಿದೆ. ಹೆಂಡತಿ ಕೊನೆಯ ತನಕ ನೋಡಲಿಲ್ಲ. ನನ್ನ ನಗು ಕೇಳಿಸಿದ ಕೂಡಲೇ ಎದ್ದು ಒಳಗೆ ಹೋದಳು. ಬಾಗಿಲ ಆಚೆಯಿಂದ, “ನನ್ನ ಕೈಯಲ್ಲಿ ಬರೆಸಿದ್ರಲ್ಲ ಅದನ್ನೆಲ್ಲ” ಎಂದಳು. ಮಗಳು ಪೂರ್ತಿ ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: “ಸೋ, ಕೋಚ್ ವಾಪಸ್ ಬರ್ತಾರಾ?”

ಆಗಲೂ ಚುಚ್ಚಿತು.

ಅದೇ ದಿನ ಖಲೀಫಾ ಸಿಟಿಗೆ ಹೋದೆ. ಕೋಚ್ ಮನೆಯ ಮುಂದೆ ಕಾರು ತೊಳೆಯುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ: ಉಪವಾಸ, ಹೆಬ್ಬೆರಳು, ಹನ್ನೆರಡು ನಿಮಿಷ, ಸುಳ್ಳು. ಯಾಕೆ ಎಂದು ಕೇಳಿದ. “ಹೊಟ್ಟೆಕಿಚ್ಚು” ಎಂದೆ. ಇಂಗ್ಲಿಷಿನಲ್ಲಿ ಆ ಮಾತು ಎಷ್ಟು ಚಿಕ್ಕದಾಗಿ ಕೇಳಿಸಿತು!

ಅವನು ಪೈಪು ನಿಲ್ಲಿಸಿದ. ಕಾರಿನ ಬಾಗಿಲು ತೆರೆದು ಸ್ಟೀರಿಂಗ್ ತೋರಿಸಿದ. ಅದರ ಸುತ್ತ ಹಳದಿ ಚೀಟಿಗಳು: ಬೀಗದ ಕೈ ಜೇಬಿನಲ್ಲಿದೆ. ಹಾಲು. ಗ್ಯಾಸ್ ಆಫ್ ಮಾಡಿದ್ದೇನೆ. “ಎರಡು ವಾರ ನಾನು ಹೀಗೆ ಬದುಕಿದ್ದೇನೆ” ಎಂದ. ಒಂದೊಂದಾಗಿ ಕಿತ್ತು ಮುದ್ದೆ ಮಾಡಿದ. “ಈಗ ಹೋಗಿ” ಎಂದ. ಒಳಗೆ ಕರೆಯಲಿಲ್ಲ.

ಮೈದಾನದವರಿಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ. ಪೋಷಕರ ಗುಂಪಿನಲ್ಲೂ ಬರೆದೆ. ಮೂರು ಮಂದಿ ಉತ್ತರಿಸಿದರು, ಉಳಿದವರು ಓದಿ ಸುಮ್ಮನಾದರು. ಸತ್ಯ ಹೇಳಿದ ರಾತ್ರಿ ಹಾಯಾಗಿ ನಿದ್ದೆ ಬರುತ್ತದೆ ಎನ್ನುತ್ತಾರೆ. ನನಗೆ ಬರಲಿಲ್ಲ. ಹೆಂಡತಿಗೂ ಬರಲಿಲ್ಲ; ಅವಳು ಏಳೆಂಟು ಸಲ ಎದ್ದು ಹೋಗಿ ಮಗಳ ಹಣೆ ಮುಟ್ಟಿ ಬರುತ್ತಿದ್ದಳು, ನನ್ನೊಡನೆ ಮಾತಿಲ್ಲದೆ.

ಅಕ್ಟೋಬರ್ ಕೊನೆಗೆ ಗಾಳಿ ತಂಪಾಯಿತು. ಮೈದಾನದವರು ಕೋಚಿಗೆ ಬರಲು ಹೇಳಿದರು. ಅವನು ಮಗಳನ್ನು ಮತ್ತೆ ಸೇರಿಸಿಕೊಂಡ. ನನಗೆ ಮಾತ್ರ ಒಂದು ಷರತ್ತು.

ಮೊದಲ ದಿನ ಕೋನಿನ ಹಿಂದೆ ನನ್ನ ಜಾಗಕ್ಕೆ ಹೊರಟೆ. ಅವನು ಅಡ್ಡ ಬಂದು ನೀಲಿ ಪೆಟ್ಟಿಗೆಯನ್ನು ಗೆರೆಯ ಒಳಗೆ ಎಳೆದಿಟ್ಟ. “ಇಲ್ಲಿ ಕುಳಿತುಕೊಳ್ಳಿ. ನೀರು ನಿಮ್ಮ ಕೆಲಸ. ನಾಲ್ಕು ಮಕ್ಕಳದೂ. ಅವರ ಕಣ್ಣು ನೋಡಿ. ನಿಮ್ಮ ಮಗಳ ಸೊಂಟ ತಿರುಗದಿದ್ದರೆ ನನಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ, ಅಲ್ಲವಾ? ಕೂಗಿ.” ಆಮೇಲೆ ಕೈ ಚಾಚಿದ. “ಫೋನು ನನ್ನ ಹತ್ತಿರ ಇರಲಿ.”

ಮೀನಿನ ಪೆಟ್ಟಿಗೆಯ ಮೇಲೆ ಕುಳಿತೆ. ಭಟ್ಕಳದ ಸ್ನೇಹಿತ ಬೇಲಿಯ ಆಚೆಯಿಂದ, “ಬಂಗುಡೆ ಹೇಗೆ ಕೆಜಿಗೆ?” ಎಂದು ಕೂಗಿದ. ಮಗಳು ನಕ್ಕಳು. ಮಕ್ಕಳು ಬಂದು ಬೆರಳು ತೋರಿಸುತ್ತಿದ್ದರು, ನಾನು ಬಾಟಲಿ ಕೊಡುತ್ತಿದ್ದೆ. ಒಬ್ಬ ಹುಡುಗ ಸುಳ್ಳು ಬೆರಳು ಎತ್ತಿದ, ಹಿಡಿದೆ. ಮಗಳು ದೂರದ ಮೂಲೆಗೆ ಒಂದು ಚೆಂಡು ಎಸೆದಳು, ಸೊಂಟ, ಭುಜ, ಕೈ, ಎಲ್ಲ ಸಾಲಾಗಿ; ಅದು ಸುರುಳಿ ಸುತ್ತುತ್ತ ಹೋಗಿ ಜೊತೆಗಾರನ ಎದೆಗೆ ಸೇರಿತು. ಅವಳು ತಿರುಗಿ ಮೊದಲು ನೋಡಿದ್ದು ಕೋಚಿನ ಕಡೆ. ಅವನು ಮುಷ್ಟಿ ಚಾಚಿದ, ಅವಳು ಮುಷ್ಟಿ ತಾಗಿಸಿದಳು. ಹಳೆಯ ಮುಳ್ಳು ಅಲ್ಲೇ ಇತ್ತು. ಅದು ಹೋಗುತ್ತದೆ ಎಂಬ ಭರವಸೆ ನನಗಿಲ್ಲ. ಎದ್ದು ಅವಳಿಗೆ ನೀರು ಕೊಟ್ಟೆ.

ಪೆಟ್ಟಿಗೆ ಕಾರಿಗೆ ಎತ್ತಿಡುವಾಗ ಕೋಚ್ ಫೋನು ಹಿಂದಿರುಗಿಸಿದ. ಆರು ಗಂಟೆ ಹತ್ತು ನಿಮಿಷ ಆಗಿತ್ತು. ಆರು ವಾರಗಳಲ್ಲಿ ಮೊದಲ ಬಾರಿಗೆ ಐದು ನಲವತ್ತಾರು ನನ್ನ ಗಮನಕ್ಕೆ ಬಾರದೆ ಕಳೆದುಹೋಗಿತ್ತು.

ಮರುದಿನ ಕಣ್ಣು ಬಿಟ್ಟಾಗ ಕಿಟಕಿಯ ಪರದೆಯ ಮೇಲೆ ಬಿಸಿಲು ಬಂದಿತ್ತು. ಹೆಂಡತಿ ಪಕ್ಕದಲ್ಲೇ ಇದ್ದಳು, ಕೂದಲು ಕೆದರಿಕೊಂಡು, ಈಗಷ್ಟೇ ಎಚ್ಚರವಾದವಳಂತೆ.

“ಎಂತ ಗೊರಕೆ ಮಾರಾಯ್ರೆ” ಎಂದಳು. “ನಾನೂ ಒಮ್ಮೆಯೂ ಏಳಲಿಲ್ಲ.”